ಬೇತಮಂಗಲದ ದಿಬ್ಬದ ಮೇಲೆ ಒಂದು ಸಹಿ

ಮದುವೆಯಾಗಿ ಮೂರು ವರ್ಷದ ಮೇಲೆ ಇವರು ಮೊದಲ ಸಲ ನನ್ನನ್ನು ಸುಮ್ಮನೆ ಖುಷಿಗೆಂದು ಹೊರಗೆ ಕರೆದುಕೊಂಡು ಹೋದರು. ಅದಕ್ಕೆ ಮೊದಲು ಹೋದದ್ದೆಲ್ಲ ಕಾರಣವಿಟ್ಟುಕೊಂಡೇ: ಒಂದು ತಿರುಪತಿ, ಎರಡು ಸೀಮಂತ, ಮೂರು ಸಾವು. ಈ ಸಲ ಹೋದದ್ದು ಬೇತಮಂಗಲದ ಕೆರೆಗೆ, ದೋಣಿಯಲ್ಲಿ ಸುತ್ತಾಡಿ ಬರುವುದಕ್ಕೆ.

ನಾವಾಗ ಬಂಗಾರಪೇಟೆಯಲ್ಲಿ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದೆವು. ಇವರಿಗೆ ಊರಿಗಾಂನಲ್ಲಿ ಗಣಿಯ ಸರ್ವೆ ಆಫೀಸಿನ ಕೆಲಸ. ಬೆಳಿಗ್ಗೆ ಕೋಲಾರ ಗೋಲ್ಡ್ ಫೀಲ್ಡ್ಸಿನ ರೈಲು ಹಿಡಿದು ಹೋದರೆ ಸಂಜೆಯ ರೈಲಿಗೆ ಕಾಲರಿನ ಒಳಮೈಯಲ್ಲಿ ಒಂದು ಬೂದಿ ಗೆರೆ ಹೊತ್ತುಕೊಂಡು ಬರುತ್ತಿದ್ದರು. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ದೂಳು ಅದು. ಎಷ್ಟು ಉಜ್ಜಿದರೂ ಅದರ ನೆರಳು ಉಳಿಯುತ್ತಿತ್ತು. ವಾರಕ್ಕೆರಡು ಸಲ ಅಳತೆಗೆಂದು ಗಣಿಯ ಒಳಕ್ಕೂ ಇಳಿಯುತ್ತಿದ್ದರು.

ಗಣಿ ಸರ್ಕಾರದ ಕೈಗೆ ಬಂದು ಕೆಲವು ವರ್ಷಗಳಾಗಿದ್ದವು. ಬಿಳಿ ದೊರೆಗಳು ಒಬ್ಬೊಬ್ಬರಾಗಿ ಊರು ಬಿಟ್ಟಿದ್ದರು. ಅವರ ಬಂಗಲೆಗಳಿಗೆ ನಮ್ಮ ದೊಡ್ಡ ಅಧಿಕಾರಿಗಳು ಬಂದರು. ದೊರೆಗಳು ಆಡುತ್ತಿದ್ದ ದೋಣಿಗಳು ಆಫೀಸಿನ ಸಣ್ಣ ನೌಕರರಿಗೂ ಸಿಗತೊಡಗಿದವು. ಮುಂಚೆಯೇ ಚೀಟಿ ಬರೆದುಕೊಟ್ಟರೆ ಭಾನುವಾರಕ್ಕೆ ಒಂದು ದೋಣಿ. ಇವರು ಆ ಚೀಟಿಯನ್ನು ಮನೆಗೆ ತಂದು, ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು, "ಕೆರೆ ನಡುವೆ ಒಂದು ಐಲೆಂಡ್ ಇದೆ. ದೊರೆಗಳನ್ನು ಬಿಟ್ಟರೆ ಅಲ್ಲಿ ಯಾರೂ ಕಾಲಿಟ್ಟಿಲ್ಲ, ಗೊತ್ತಾ?" ಎಂದರು.

ಒಳ್ಳೆಯದೇ ಆಯಿತು ಅಂದುಕೊಂಡೆ. ಇವರು ಖುಷಿಯಾಗಿರುವ ಒಂದು ದಿನ ನನಗೆ ಬೇಕಾಗಿತ್ತು.

ಅದಕ್ಕೊಂದು ತಿಂಗಳ ಹಿಂದೆ ಬಂಗಾರಪೇಟೆಯ ಪ್ಲಾಟ್‌ಫಾರ್ಮಿನಲ್ಲಿ, ನನಗೆ ಗೋಲ್ಡ್ ಫೀಲ್ಡ್ಸಿನ ಕಾನ್ವೆಂಟಿನಲ್ಲಿ ಕಲಿಸಿದ ಸಿಸ್ಟರ್ ಒಬ್ಬರು ಸಿಕ್ಕಿದ್ದರು. ನಾನು ತಂಗಿಯನ್ನು ಮದರಾಸಿನ ಗಾಡಿಗೆ ಹತ್ತಿಸಲು ಹೋಗಿದ್ದೆ. ಸಿಸ್ಟರ್ ನನ್ನ ಕೈ ಹಿಡಿದು ಉಗುರು ನೋಡಿದರು. ಹತ್ತು ವರ್ಷ ನಮ್ಮ ಉಗುರು ನೋಡಿದ ಅಭ್ಯಾಸ. ಒಂದನೇ ತರಗತಿಯ ಟೀಚರ್ ಮದುವೆಯಾಗಿ ಹೋಗುತ್ತಿದ್ದಾಳೆ, ಕ್ರಿಸ್ಮಸ್ ರಜೆ ಮುಗಿದ ಮೇಲೆ ನೀನು ಬರುತ್ತೀಯಾ ಎಂದು ಕೇಳಿದರು. ನಾವು ನಿಮ್ಮ ಮನೆಗೆ ಬರೆಯುತ್ತೇವೆ, ಮದುವೆಯಾದವರಾದರೆ ಗಂಡನ ಒಪ್ಪಿಗೆ ಬರಹದಲ್ಲಿ ಬೇಕು, ಅದು ಶಾಲೆ ನಡೆಸುವ ಮದರ್ ಇಟ್ಟುಕೊಂಡಿರುವ ನಿಯಮ, ಎಂದರು.

ಅವತ್ತಿನಿಂದ ನಾನು ಕಾಗದಕ್ಕಾಗಿ ಕಾದೆ. ಪೋಸ್ಟಿನವನು ನಮ್ಮ ಬೀದಿಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂರುತ್ತಿದ್ದೆ. ನಾಲ್ಕು ವಾರ ಕಳೆದರೂ ಕಾಗದ ಬರಲಿಲ್ಲ. ಕೊನೆಗೆ ನಾನೇ ಒಪ್ಪಿಗೆಯ ಕಾಗದ ಬರೆದೆ. ನನ್ನ ಹೆಂಡತಿ ನಿಮ್ಮ ಶಾಲೆಯಲ್ಲಿ ಪಾಠ ಹೇಳುವುದಕ್ಕೆ ನನ್ನ ಅಭ್ಯಂತರವಿಲ್ಲ ಎಂದು ಇಂಗ್ಲಿಷಿನಲ್ಲಿ ಎರಡೇ ಸಾಲು, ಕೆಳಗೆ ಸಹಿಗೆ ಜಾಗ. ನಾಲ್ಕು ಸಲ ಬರೆದು ಅದರಲ್ಲಿ ಅಂದವಾಗಿದ್ದದ್ದನ್ನು ಇಟ್ಟುಕೊಂಡೆ.

ಆ ಕೆಲಸ ನನಗೆ ಎಷ್ಟು ಬೇಕಿತ್ತು ಅಂತ ಈಗ ಹೇಳಿದರೆ ಜನ ನಗಬಹುದು. ಮನೆಯಲ್ಲಿ ನಾವಿಬ್ಬರೇ. ಇವರ ರೈಲು ಹೋದ ಮೇಲೆ ಸಂಜೆಯ ರೈಲು ಬರುವತನಕ ನನ್ನ ಬಾಯಿಂದ ಹತ್ತು ಮಾತೂ ಹೊರಡುತ್ತಿರಲಿಲ್ಲ. ಹಾಲಿನವಳ ಜೊತೆ ಆಡಿದ್ದನ್ನೂ ಸೇರಿಸಿ ಹತ್ತು. ನಾನು ಕಲಿತ ಇಂಗ್ಲಿಷು, ಹೊಲಿಗೆ, ಮಕ್ಕಳ ಹಾಡು ಎಲ್ಲ ಬಾಯೊಳಗೇ ಒಣಗುತ್ತಿದ್ದವು.

ಭಾನುವಾರ ಬೆಳಿಗ್ಗೆ ಬೇಗ ಎದ್ದು ಅವರೆಕಾಳಿನ ಚಿತ್ರಾನ್ನ ಮಾಡಿದೆ. ಮೊಸರನ್ನಕ್ಕೆ ಶುಂಠಿ ಹೆಚ್ಚಿ ಹಾಕಿದೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕರವಸ್ತ್ರದಲ್ಲಿ ಸುತ್ತಿ ಚೀಲದೊಳಗಿಟ್ಟೆ. ಜೊತೆಗೆ ಇವರ ಪೆನ್ನನ್ನೂ ಇಟ್ಟೆ. ಪೆನ್ನಿಗೆ ಇಂಕು ತುಂಬಿದ್ದು ಹಿಂದಿನ ದಿನವೇ.

ರೈಲಿನಲ್ಲಿ ಊರಿಗಾಂವರೆಗೆ ಹೋಗಿ ಅಲ್ಲಿಂದ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಇವರ ಷರ್ಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿದ್ದದ್ದನ್ನು ನೋಡಿ ಮೆಲ್ಲಗೆ ಹೇಳಿದೆ. ಇವರು ಅಕ್ಕಪಕ್ಕದವರಿಗೂ ಕೇಳುವ ಹಾಗೆ, "ಎಲ್ಲಕ್ಕೂ ಬಾಯಿ ಹಾಕಬೇಡ ನೀನು" ಎಂದರು. ಮುಂದಿನ ಸೀಟಿನ ಹೆಂಗಸು ತಿರುಗಿ ನನ್ನನ್ನು ನೋಡಿ, ಆಮೇಲೆ ಇವರ ಗುಂಡಿಯನ್ನು ನೋಡಿ, ಮತ್ತೆ ಮುಂದಕ್ಕೆ ತಿರುಗಿದಳು. ಬೇತಮಂಗಲ ಬರುವತನಕ ಗುಂಡಿ ಹಾಗೇ ಇತ್ತು.

ಕೆರೆ ತುಂಬಿತ್ತು. ಏರಿಯ ಪಕ್ಕದಲ್ಲಿ ಹೆಂಚು ಹೊದಿಸಿದ ದೋಣಿಮನೆ. ಕಾವಲುಗಾರ ಒಬ್ಬ ಮುದುಕ, ಕಣ್ಣಲ್ಲಿ ಪೊರೆ ಬಂದಿತ್ತು. ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಒಂದು ಪೆಟ್ಟಿಗೆ ತೋರಿಸಿದ. ಅದರಲ್ಲಿ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳಿದ್ದವು.

"ನಿಮ್ದು ನಾಕನೇ ನಂಬರು ಸಾರ್. ಬಿಲ್ಲೆ ಎತ್ಕೊಂಡು ಆ ಗೋಡೆ ಮೊಳೆಗೆ ಆಕ್ಬುಟ್ಟು ಓಗಿ. ವಾಪಸ್ ಬಂದ್ಮೇಲೆ ತೆಗ್ದು ಪೆಟ್ಟಿಗೇಲಿ ಆಕಿ. ನಾಕೂವರೆಗೆ ಮೊಳೆ ತಡವಿ ನೋಡ್ತೀನಿ. ಬಿಲ್ಲೆ ಇದ್ರೆ ಉಡುಕ್ಕೊಂಡ್ ಬತ್ತೀನಿ. ಇಲ್ದಿದ್ರೆ ಬೀಗ ಆಕ್ಕೊಂಡ್ ಮನೇಗೆ. ದೊರೆ ಕಾಲ್ದಿಂದ ಅದೇ ರೂಲು."

ಇಷ್ಟು ಹೇಳಿ ಅವನು ದೋಣಿಯೊಳಗಿನ ನೀರು ತೋಡುವುದಕ್ಕೆ ಹೋದ. ಇವರು "ಆಯ್ತು, ಆಯ್ತು" ಎಂದು ಪೆಟ್ಟಿಗೆಯಿಂದ ಬಿಲ್ಲೆ ತೆಗೆದು, ಷರ್ಟಿನ ಜೇಬಿಗೆ ಹಾಕಿ, ಜೇಬಿನ ಮೇಲೆ ಎರಡು ಸಲ ತಟ್ಟಿಕೊಂಡು ಹೊರಟರು.

ಗಣಿಯವರ ಕೈ ಅದು. ಗಣಿಯಲ್ಲಿ ನಿಯಮ ಇದಕ್ಕೆ ತಿರುಗುಮುರುಗು. ಅಲ್ಲಿ ಒಳಗೆ ಇಳಿಯುವವನು ತನ್ನ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು, ಮೇಲೆ ಬಂದ ಮೇಲೆ ಮತ್ತೆ ಮೊಳೆಗೆ ಹಾಕಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಭೂಮಿಯ ಒಳಗಿದ್ದಾನೆ ಎಂದು ಅರ್ಥ. ಕೆರೆಯಲ್ಲಿ ಮೊಳೆ ಖಾಲಿ ಇದ್ದರೆ ನೀರಿನಲ್ಲಿ ಯಾರೂ ಇಲ್ಲ ಎಂದು ಅರ್ಥ. ಇವರ ಕಿವಿ ಕಾವಲುಗಾರನ ಮಾತು ಕೇಳಿತ್ತು, ಕೈ ಕೇಳಿರಲಿಲ್ಲ.

ನಾನು ನೋಡಿದೆ. ಹೇಳುವುದಕ್ಕೆ ಬಾಯಿ ತೆರೆದೆ. ಬಸ್ಸಿನ ಮಾತು ನೆನಪಾಯಿತು. ಚೀಲದಲ್ಲಿನ ಕಾಗದವೂ ನೆನಪಾಯಿತು. ಇವರ ಮನಸ್ಸು ಕೆಡಿಸುವುದು ಬೇಡ ಎಂದು ಸುಮ್ಮನಾದೆ. ಇಷ್ಟಕ್ಕೂ ಸಂಜೆ ನಾವೇ ವಾಪಸ್ಸು ಬರುತ್ತೇವಲ್ಲ.

ಇವರಿಗೆ ಹುಟ್ಟು ಹಾಕಲು ಬರುತ್ತಿರಲಿಲ್ಲ. ಎಡಗಡೆ ಜೋರು, ಬಲಗಡೆ ನಿಧಾನ. ದೋಣಿ ಇದ್ದಲ್ಲೇ ಸುತ್ತಿತು. ಇವರ ಆಫೀಸಿನವರೇ ಒಬ್ಬರು ಹೆಂಡತಿ ಮಕ್ಕಳ ಜೊತೆ ಇನ್ನೊಂದು ದೋಣಿಯಲ್ಲಿದ್ದರು. ಅವರು ಕೂಗಿ, "ಏನ್ರೀ, ಎಣ್ಣೆ ಗಾಣ ಆಡಿಸ್ತಾ ಇದೀರಾ? ನಮಗೂ ಅರ್ಧ ಸೇರು ಕೊಡಿ" ಎಂದರು. ಅವರ ಹೆಂಡತಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. ನನಗೂ ನಗು ಬಂತು. ಇವರು ನನ್ನನ್ನು ನೋಡಿದರು. ನಗು ನಿಲ್ಲಿಸಿ ನೀರಿಗೆ ಕೈ ಇಳಿಬಿಟ್ಟೆ. ನೀರು ತಣ್ಣಗೆ, ಬೆರಳಿಗೆ ಪಾಚಿಯ ಎಳೆಗಳು ಸಿಕ್ಕುತ್ತಿದ್ದವು. "ನಾವು ಗೋಲ್ಡ್ ಫೀಲ್ಡ್ಸಿನಲ್ಲಿ ಕುಡಿಯೋದು ಇದೇ ನೀರು" ಎಂದರು ಇವರು, ತಾವೇ ತೋಡಿಸಿದ ಹಾಗೆ.

ಅಂತೂ ನಡುಗಡ್ಡೆ ಮುಟ್ಟಿದೆವು. ನಮ್ಮ ಬೀದಿಯಷ್ಟು ಉದ್ದ, ಅದರ ಅರ್ಧ ಅಗಲ. ನಾಲ್ಕಾರು ಈಚಲು ಮರ, ಒಂದು ಹೊಂಗೆ, ಜಾಲಿಯ ಪೊದೆಗಳು, ಒಂದು ಕಡೆ ಬಂಡೆ. ನೀರುಕಾಗೆಗಳು ಕೂತು ಕೂತು ಒಂದು ಒಣಮರ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಇವರು ದೋಣಿಯ ಹಗ್ಗವನ್ನು ಒಂದು ಕಲ್ಲಿನ ಕೆಳಗೆ ಸಿಕ್ಕಿಸಿದರು. ಕಲ್ಲಿನ ತಳದಲ್ಲಿ ಪಾಚಿ, ಜಾರುವ ಹಾಗಿತ್ತು.

"ಈಚಲ ಮರಕ್ಕೆ ಕಟ್ಟಿದರೆ ಆಗಲ್ವಾ?" ಎಂದೆ.

"ನಾಲ್ಕು ಸಾವಿರ ಅಡಿ ಕೆಳಗೆ ಅಳತೆ ಹಿಡಿಯೋನಿಗೆ ಹಗ್ಗ ಕಟ್ಟೋದು ಹೇಳಿಕೊಡ್ತೀಯಾ?" ಎಂದರು. ಕೋಪದಿಂದಲ್ಲ, ನಗುತ್ತಲೇ. ಖುಷಿಯಲ್ಲಿದ್ದರು.

ನಿಜವಾಗಿಯೂ ಖುಷಿಯಲ್ಲಿದ್ದರು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪ್ಯಾಂಟು ಮಡಿಚಿಕೊಂಡು ದಡದುದ್ದಕ್ಕೂ ಹೆಜ್ಜೆ ಎಣಿಸುತ್ತ ನಡೆದರು. ಇದು ಉತ್ತರದ ಮೂಲೆ, ಇದು ಕೊಲ್ಲಿ, ಇದು ಭೂಶಿರ ಎಂದು ಹೆಸರಿಟ್ಟರು. ಕೊಲ್ಲಿಯೆಂದದ್ದು ನಮ್ಮ ಬಚ್ಚಲಿಗಿಂತ ಸ್ವಲ್ಪ ದೊಡ್ಡದು. ಊಟಕ್ಕೆ ಬಂಡೆಯ ನೆರಳಲ್ಲಿ ಕೂರೋಣವೆಂದಾಗ ಮೊದಲು ತಾವು ಹೋಗಿ, ಒಂದು ಕಡ್ಡಿಯಿಂದ ಬಂಡೆಯ ಕೆಳಮೈಯನ್ನು ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, "ಗಟ್ಟಿಯಿದೆ, ಬಾ" ಎಂದರು. ಗಣಿಯಲ್ಲಿ ಹಾಗೆ ತಟ್ಟಿ ನೋಡದೆ ಯಾರೂ ಮಾಡಿನ ಕೆಳಗೆ ಕೂರುವುದಿಲ್ಲವಂತೆ. ನನ್ನ ತಲೆಗೆ ಕಲ್ಲು ಬೀಳಬಾರದೆಂದು ಅಷ್ಟು ಜೋಪಾನ ಮಾಡಿದ ಮನುಷ್ಯ ಇವರೇ.

ನಾನೂ ಸುತ್ತಾಡಿದೆ. ದೊರೆಗಳು ಕಟ್ಟಿಸಿದ ಸಿಮೆಂಟಿನ ಬೆಂಚು, ಅದರ ಮೇಲೆ ಯಾರೋ ಕೊರೆದ ಎರಡು ಇಂಗ್ಲಿಷ್ ಅಕ್ಷರ. ನೀಲಿ ಹೂವಿನ ಪಿಂಗಾಣಿ ಚೂರು. ಖಾಲಿಯಾದ ಬಸವನಹುಳುವಿನ ಚಿಪ್ಪುಗಳು. ಪೊದೆಯ ಹಿಂದೆ ಒಣಗಿದ ಸಗಣಿ, ಒಂದಲ್ಲ, ಏಳೆಂಟು ಕಡೆ. ಯಾರೂ ಕಾಲಿಡದ ಜಾಗಕ್ಕೆ ಎಮ್ಮೆ ಹೇಗೆ ಬಂತೋ ಎಂದು ಯೋಚಿಸಿದೆ. ಇವರಿಗೆ ತೋರಿಸಲಿಲ್ಲ.

ಊಟವಾಯಿತು. ಚಿತ್ರಾನ್ನ ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದು, ಟವಲು ಹಾಸಿಕೊಂಡು ಒರಗಿದರು. ಈಗಲ್ಲದೆ ಇನ್ನೆಂದೂ ಇಲ್ಲ ಎಂದು ಕರವಸ್ತ್ರ ಬಿಚ್ಚಿದೆ.

"ರೀ, ಇದಕ್ಕೆ ಒಂದು ಸಹಿ ಹಾಕಿಕೊಡ್ತೀರಾ?"

ಕಾಗದ ಬಿಡಿಸಿ ಓದಿದರು. ಅವರ ಕಣ್ಣು ಎರಡು ಸಾಲಿನ ಮೇಲೆ ಹೋಗಿ ಮತ್ತೆ ಮೊದಲಿಂದ ಹೋಯಿತು.

"ನಿನ್ನ ಅಕ್ಷರ ಚೆನ್ನಾಗಿದೆ" ಎಂದರು. "ಆದರೆ ಇದು ಮುಗಿದ ವಿಷಯ ಕಣೆ. ಅವರು ನನ್ನ ಆಫೀಸಿಗೇ ಬರೆದಿದ್ದರು. ನಾನು ಆಗಲೇ ಉತ್ತರ ಕೊಟ್ಟಾಯ್ತು."

"ಯಾವಾಗ?"

"ಆಯ್ತು, ಹದಿನೈದು ದಿನ."

ಆ ಹದಿನೈದು ದಿನವೂ ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಸಂಜೆ ಬಂದು ಇವರು ಚಪ್ಪಲಿ ಬಿಡುವಾಗ, "ಏನು, ಮೊರ ಇನ್ನೂ ಹೊರಗಿದೆಯಲ್ಲ" ಎಂದಿದ್ದರು ಒಂದು ದಿನ.

"ಏನಂತ ಬರೆದ್ರಿ?"

"ನಿನಗೆ ಮೈ ಅಷ್ಟು ಹುಷಾರಿರಲ್ಲ, ನಿನಗೇ ಇಷ್ಟವಿಲ್ಲ ಅಂತ. ನಾನು ಬೇಡ ಅಂದೆ ಅಂತ ಬರೆದರೆ ಚೆನ್ನಾಗಿರುತ್ತಾ? ಗಂಡ ಬಿಡಲಿಲ್ಲ ಅಂತ ನಾಲ್ಕು ಜನ ಆಡಿಕೊಳ್ತಾರೆ."

"ನನ್ನನ್ನ ಒಂದು ಮಾತು ಕೇಳಲಿಲ್ಲ."

"ಕೇಳಿದ್ರೆ ನೀನು ಬೇಕು ಅಂತಿದ್ದೆ" ಎಂದರು. ಇದರಲ್ಲಿ ಏನಿದೆ ಎನ್ನುವ ಹಾಗೆ ಹೇಳಿದರು. ಆಮೇಲೆ ಎದ್ದು ಕೂತು, ಸ್ವಲ್ಪ ಮೆತ್ತಗಿನ ಧ್ವನಿಯಲ್ಲಿ, "ನೀನೇ ಯೋಚನೆ ಮಾಡು. ಬೆಳಗಾಗೆದ್ದು ಒಂದೇ ರೈಲಿನಿಂದ ಗಂಡ ಹೆಂಡತಿ ಇಬ್ಬರೂ ಟಿಫನ್ ಡಬ್ಬಿ ಹಿಡಿದು ಇಳಿದರೆ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಆಫೀಸಿನವರೆಲ್ಲ ಏನಂತಾರೆ? ಇವನ ಸಂಬಳ ಸಾಲದು ಅಂತ ತಾನೆ? ಇವತ್ತು ಗಾಣ ಅಂದವನು ನಾಳೆ ಇನ್ನೇನು ಅಂತಾನೋ" ಎಂದರು.

 ಇವರಿಗೆ ನನ್ನ ಮೌನ ಒಪ್ಪಿಗೆಯಾಗಿ ಕಂಡಿರಬೇಕು. ಪೆನ್ನು ಕೇಳಿದರು. ಒಂದು ಕ್ಷಣ ನನಗೆ ಆಸೆ ಹುಟ್ಟಿತು, ಕೊಟ್ಟೆ. ಇವರು ಕಾಗದವನ್ನು ಮಗುಚಿ, ಡಬ್ಬಿಯ ಮುಚ್ಚಳದ ಮೇಲಿಟ್ಟುಕೊಂಡು, ಅದರ ಬೆನ್ನಿಗೆ ನಡುಗಡ್ಡೆಯ ನಕ್ಷೆ ಬರೆಯತೊಡಗಿದರು. ಉತ್ತರಕ್ಕೆ ಬಾಣದ ಗುರುತು ಹಾಕಿದರು. ಕೊಲ್ಲಿಯನ್ನು ಸಣ್ಣ ಅಲೆಗಳಿಂದ ತುಂಬಿದರು. ಬರೆಯುವಾಗ ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದರು. ಮುಗಿದ ಮೇಲೆ "ಇಟ್ಟುಕೋ, ನೆನಪಿಗೆ" ಎಂದು ನನ್ನ ಕೈಗೇ ಕೊಟ್ಟು, ಟವಲಿನ ಮೇಲೆ ಮಲಗಿ ನಿದ್ದೆ ಹೋದರು.

ನಾನು ಡಬ್ಬಿ ತೊಳೆಯಲು ನೀರಿಗೆ ಇಳಿದೆ. ಒಂದೇ ಡಬ್ಬಿಯನ್ನು ಎಷ್ಟು ಹೊತ್ತು ಉಜ್ಜಿದೆನೋ. ತಲೆಯೆತ್ತಿದರೆ ನಮ್ಮ ದೋಣಿ ಕೆರೆಯ ನಡುವೆ ಇತ್ತು. ಗಾಳಿ ಎದ್ದಿತ್ತು. ಹಗ್ಗದ ತುದಿ ನೀರಿನ ಮೇಲೆ ಎಳೆದುಕೊಂಡು, ಯಾರೋ ಕರೆದ ಹಾಗೆ ದೋಣಿ ತನ್ನಷ್ಟಕ್ಕೆ ಆಚೆ ದಡದ ಜೊಂಡಿನ ಕಡೆಗೆ ಹೋಗುತ್ತಿತ್ತು.

ಇವರನ್ನು ಎಬ್ಬಿಸಿದೆ. ಇಬ್ಬರಿಗೂ ಈಜು ಬಾರದು. ಇವರು ಮೊದಲು ಕಲ್ಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಹಗ್ಗದ ಮಾತು ಎತ್ತಲಿಲ್ಲ. "ಹೆದರಬೇಡ" ಎಂದರು, ನಾನು ಹೆದರಿರಲಿಲ್ಲ. "ನಾಲ್ಕೂವರೆಗೆ ಕಾವಲುಗಾರ ಮೊಳೆ ನೋಡ್ತಾನೆ. ಬಿಲ್ಲೆ ನೋಡಿದ ತಕ್ಷಣ ಹೊರಡ್ತಾನೆ."

"ಬಿಲ್ಲೆ ನಿಮ್ಮ ಜೇಬಿನಲ್ಲಿದೆ" ಎಂದೆ.

ಇವರ ಕೈ ಜೇಬಿನ ಮೇಲೆ ಹೋಯಿತು. ಅದು ಅಲ್ಲಿತ್ತು. ಇವರ ಮುಖ ನೋಡಿ ನನಗೆ ಅಯ್ಯೋ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ.

"ನೀನು ನೋಡಿದ್ಯಾ?"

"ನೋಡಿದೆ."

"ನೋಡಿದವಳು ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

"ಎಲ್ಲಕ್ಕೂ ಬಾಯಿ ಹಾಕಬೇಡ ಅಂದಿದ್ರಿ."

ಮೂರು ವರ್ಷದಲ್ಲಿ ನಾನು ಕೊಟ್ಟ ಮೊದಲ ಎದುರುತ್ತರ ಅದು. 

ನಾಲ್ಕು ಗಂಟೆಯ ಹೊತ್ತಿಗೆ ಇವರ ಆಫೀಸಿನವರ ದೋಣಿ ದೂರದಲ್ಲಿ ವಾಪಸ್ಸು ಹೋಗುತ್ತಿತ್ತು. ಇವರು ಕೂಗಿದರು, ಗಾಳಿ ನಮ್ಮ ಕಡೆಗಿತ್ತು, ಕೇಳಿಸಲಿಲ್ಲ. ನಾನು ಸೆರಗು ಎತ್ತಿ ಬೀಸಿದೆ. ಅವರೆಲ್ಲ ಸಂತೋಷದಿಂದ ನಮಗೆ ಕೈ ಬೀಸಿದರು. ಮಕ್ಕಳು ಎದ್ದು ನಿಂತು ಬೀಸಿದವು. ದೋಣಿ ದೋಣಿಮನೆಯ ಒಳಗೆ ಮರೆಯಾಯಿತು. ನಾಲ್ಕೂವರೆ ಆಯಿತು, ಐದಾಯಿತು. ದೋಣಿಮನೆಯ ಕಡೆ ಯಾರೂ ಕಾಣಲಿಲ್ಲ. ಇವರು ದಡದ ಮೇಲೆ ಅತ್ತಿಂದಿತ್ತ ನಡೆದರು, ಈ ಸಲ ಹೆಜ್ಜೆ ಎಣಿಸದೆ. ಪೊದೆಯಲ್ಲಿ ಏನೋ ಸರಿದಾಡಿದರೆ ನಿಲ್ಲುತ್ತಿದ್ದರು. "ನಾಳೆ ಬೆಳಿಗ್ಗೆ ಗಣಿ ಶಾಫ್ಟಿಗೆ ಇಳಿಯೋದಿದೆ. ದೋಣಿ ಕಳೆದದ್ದು ಆಫೀಸಿಗೆ ಗೊತ್ತಾದರೆ ಮುಗೀತು" ಎಂದರು. ನನಗೆ ಚಳಿಯಾಗುತ್ತಿದೆಯೇ ಎಂದು ಕೇಳಲಿಲ್ಲ. ಕೇಳಬೇಕಿತ್ತು ಎಂದು ನಾನು ಅಂದುಕೊಂಡದ್ದೂ ಆಮೇಲೆಯೇ.

ಹೊತ್ತು ಇಳಿಯುವಾಗ ಜೊಂಡಿನ ಕಡೆಯಿಂದ ಒಬ್ಬ ಹೆಂಗಸು ತೆಪ್ಪದ ಮೇಲೆ ಬಂದಳು. ಹಗುರ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಸಣ್ಣ ತೆಪ್ಪ. ಮೇಲೆ ಕುಯ್ದ ಜೊಂಡಿನ ಹೊರೆ. ಸೀರೆಯನ್ನು ಮೊಣಕಾಲಿನ ಮೇಲೆ ಕಟ್ಟಿ ಉದ್ದನೆಯ ಗಳು ಹಾಕುತ್ತಿದ್ದಳು.

"ಯಾರಮ್ಮಾ ಅದು? ಇಷ್ಟೊತ್ನಲ್ಲಿ ದಿಬ್ಬದ್ ಮೇಲೆ ಏನ್ ಮಾಡ್ತಾ ಇದೀರ? ಅಲ್ಲಿ ಜೊಂಡಿಗೆ ಸಿಕ್ಕಾಕ್ಕೊಂಡಿರೋ ದೋಣಿ ನಿಮ್ದೇನಾ?"

ಹೌದೆಂದೆವು. ಅವಳು ಇವರನ್ನು ಮೇಲಿಂದ ಕೆಳಗೆ ನೋಡಿದಳು.

"ಕಟ್ಟಿರ್ನಿಲ್ವಾ ಸ್ವಾಮಿ?"

"ಗಾಳಿಗೆ ಬಿಚ್ಚಿಕೊಂಡಿತು" ಎಂದರು ಇವರು.

"ಗಾಳಿಗೇನ್ ಕೈ ಅದೆಯಾ ಬಿಚ್ಚಕ್ಕೆ?" ಎಂದು ನಕ್ಕು, ನನ್ನ ಕಡೆ ತಿರುಗಿದಳು. "ಬೇಸಿಗೇಲಿ ಬಂದಿದ್ರೆ ಆಗ್ತಿತ್ತು ಅಮ್ಮಣ್ಣೀ. ನೀರು ಬತ್ತಿರ್ತದೆ, ನಮ್ಮೆಮ್ಮೆ ಜೊತೆ ನಡ್ಕೊಂಡೇ ಬರಬೌದಿತ್ತು. ಊರೆಮ್ಮೆಗಳೆಲ್ಲ ಇಲ್ಲೇ ಮೇಯೋದು."

ಇವರು ಅದನ್ನು ಕೇಳದವರಂತೆ, "ನನ್ನ ಕರ್ಕೊಂಡು ಹೋಗಮ್ಮ. ನಾನು ದೋಣಿ ತಂದು ಇವಳನ್ನ ಕರ್ಕೊಳ್ತೀನಿ" ಎಂದರು.

"ನೀನ್ ಕೂತ್ರೆ ಮೂರೂ ಮುಳುಗ್ತವೆ ಸ್ವಾಮಿ. ನಾನು, ನೀನು, ಉಲ್ಲು. ಅಮ್ಮಣ್ಣಿ ಸಣ್ಕಿ ಅವ್ರೆ. ಅವ್ರು ಕೂತ್ಕೊಳ್ಳಿ. ಅತ್ಲಾಗೋಗಿ ಕಾವಲುನವ್ನಿಗೆ ಏಳಿದ್ರೆ ಅವ್ನೇ ಬತ್ತಾನೆ."

ಇವರು ನನ್ನನ್ನು ಪಕ್ಕಕ್ಕೆ ಕರೆದರು. "ಬೇಗ ಹೇಳು ಅವನಿಗೆ. ಕಲ್ಲಿನ ವಿಷಯ ಬೇಡ, ಗಾಳಿ ಅಂತ ಹೇಳು. ಬಿಲ್ಲೆ ಮಾತೂ ಎತ್ತಬೇಡ. ನೇರ ಹೋಗು, ಎಲ್ಲೂ ನಿಲ್ಲಬೇಡ." ಇವರ ಧ್ವನಿಯಲ್ಲಿ ನಾನು ಅದುವರೆಗೆ ಕೇಳದಿದ್ದ ಒಂದು ದೈನ್ಯ ಇತ್ತು.

ನಾನು ಚೀಲದಿಂದ ಕಾಗದ ಮತ್ತು ಪೆನ್ನು ತೆಗೆದೆ.

"ಸಹಿ ಹಾಕಿಕೊಡಿ."

"ಈಗಲೇನಾ?"

"ಈಗಲೇ."

ಅದು ಬೆದರಿಕೆಯಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸಹಿ ಹಾಕದಿದ್ದರೂ ನಾನು ಹೋಗಿ ಹೇಳುತ್ತಿದ್ದೆ. ಆದರೆ ಅದು ಇವರಿಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿಲ್ಲ ಎಂದು ನನಗೆ ಗೊತ್ತಿತ್ತು.

ತೆಪ್ಪದ ಹೆಂಗಸು ಗಳುವಿನ ಮೇಲೆ ಗದ್ದವೂರಿ ಇಬ್ಬರನ್ನೂ ನೋಡುತ್ತಿದ್ದಳು. "ಅದೇನೋ ಆಕ್ಕೊಟ್ಬುಡು ಸ್ವಾಮಿ. ಒತ್ತು ಮುಳುಗ್ತಾ ಅದೆ, ಮನೇಲಿ ಎಮ್ಮೆ ಕರೀಬೇಕು ನಾನು" ಎಂದಳು.

ಇವರು ಒಂದು ಮೊಣಕಾಲೂರಿ, ತೊಡೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಕೊಡುವಾಗ ಕೈ ಬಿಡದೆ ಒಂದು ಗಳಿಗೆ ಹಿಡಿದಿದ್ದು, "ತೃಪ್ತಿ ಆಯ್ತಾ?" ಎಂದರು.

ತೆಪ್ಪದ ಮೇಲೆ ಜೊಂಡಿನ ಹೊರೆಗೆ ಒರಗಿ ಕೂತೆ. ದಿಮ್ಮಿಗಳ ಸಂದಿನಿಂದ ನೀರು ಬಂದು ಸೀರೆಯ ಅಂಚು ನೆನೆಯಿತು. ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡಿದ್ದೆ. ಹೆಂಗಸು ಅದೇನೆಂದು ಕೇಳಲಿಲ್ಲ. ದಡ ಹತ್ತಿರವಾದಾಗ ಮಾತ್ರ, "ಓದು ಬತ್ತದಾ ನಿಂಗೆ?" ಎಂದಳು. ಬರುತ್ತದೆ ಎಂದೆ. "ಒಳ್ಳೇದಾಯ್ತು ಬುಡು" ಎಂದಳು.

ಕಾವಲುಗಾರನ ಮನೆ ಏರಿಯ ಕೆಳಗೇ ಇತ್ತು. ಅವನು ಉಣ್ಣಲು ಕೂತಿದ್ದ. "ಬೋಟ್ ಎಣ್ಸಕ್ಕೆ ನಂಗೆಲ್ಲಮ್ಮಾ ಕಣ್ಣು? ನಾನ್ ಮೊಳೆ ತಡವಿ ನೋಡೋನು. ಮೊಳೆ ಖಾಲಿ ಇತ್ತು" ಎಂದು ಕೈ ತೊಳೆಯುತ್ತ ಮತ್ತೆ ಮತ್ತೆ ಹೇಳಿದ. ಗಾಳಿ ಎಂದು ಹೇಳಿದೆ. ಬಿಲ್ಲೆಯ ಮಾತು ಎತ್ತಲಿಲ್ಲ. ಪಾಪ, ಮುದುಕ ತನ್ನದೇ ತಪ್ಪೆಂದುಕೊಂಡು ಇನ್ನೊಂದು ದೋಣಿ ಬಿಚ್ಚಿದ. ಇವರನ್ನು ಕರೆತಂದಾಗ ಇನ್ನೂ ಸ್ವಲ್ಪ ಬೆಳಕಿತ್ತು. 

ಮರುದಿನ ಇವರ ರೈಲು ಹೋದ ಮೇಲೆ ಮುಂದಿನ ರೈಲಿಗೆ ನಾನು ಹೊರಟೆ. ಕಾನ್ವೆಂಟಿನಲ್ಲಿ ಮಕ್ಕಳು ಕ್ರಿಸ್ಮಸ್ಸಿಗೆ ನಕ್ಷತ್ರ ಕತ್ತರಿಸುತ್ತಿದ್ದರು. ಕಾರಿಡಾರಿನಲ್ಲಿ ಗೋಂದಿನ ವಾಸನೆ. ಒಂದನೇ ತರಗತಿಯ ಬಾಗಿಲಲ್ಲಿ ಒಂದು ನಿಮಿಷ ನಿಂತೆ. ಬೆಂಚುಗಳು ಅಷ್ಟು ಗಿಡ್ಡವೆಂದು ನನಗೆ ಮರೆತೇ ಹೋಗಿತ್ತು.

ಮದರ್ ನನ್ನನ್ನು ಕೂರಲು ಹೇಳಿದರು. ಟೇಬಲಿನ ಡ್ರಾಯರಿನಿಂದ ಇವರ ಮೊದಲ ಕಾಗದ ತೆಗೆದು, ನಾನು ಕೊಟ್ಟ ಕಾಗದದ ಪಕ್ಕದಲ್ಲಿಟ್ಟರು. ಎರಡರ ಕೆಳಗೂ ಒಂದೇ ಸಹಿ. ಎರಡನೆಯದು ಸ್ವಲ್ಪ ಸೊಟ್ಟ. ಅದನ್ನು ಮಗುಚಿ ಬೆನ್ನಿನ ನಕ್ಷೆಯನ್ನೂ ನೋಡಿದರು. ಏನೆಂದು ಕೇಳಲಿಲ್ಲ.

ಜಾಗ ಇನ್ನೂ ಖಾಲಿಯಿದೆ, ನೀನು ಬರುವುದಾದರೆ ನಮಗೆ ಸಂತೋಷ, ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು.  ಆದರೆ ಒಂದು ತಿಳಿಯಬೇಕು, ಎಂದರು. ಮೊದಲ ಕಾಗದದಲ್ಲಿ ನಿನಗೇ ಇಷ್ಟವಿಲ್ಲ ಎಂದಿದೆ. ಇದು ನೀನು ಹೇಳಿ ಬರೆಸಿದ್ದೋ, ನಿನ್ನ ಗಂಡ ನಿನ್ನನ್ನು ಕೇಳದೆ ಬರೆದದ್ದೋ?

ಕೇಳದೆ ಬರೆದರು ಎಂದರೆ ಮುಗಿಯುತ್ತಿತ್ತು. ಎರಡೇ ಮಾತು, ಅದೂ ನಿಜವಾದದ್ದು. ಗೋಡೆಯ ಮೇಲೆ ಮದರ್ ನಮಗೆ ಗಂಟೆ ನೋಡಲು ಕಲಿಸಿದ ಅದೇ ಗಡಿಯಾರ. ಈ ಕೋಣೆಯಲ್ಲಿ ನಿಂತು ಯಾರ ಮೇಲೂ ಚಾಡಿ ಹೇಳಬಾರದು ಎಂದು ಹತ್ತು ವರ್ಷ ಕಲಿತಿದ್ದೆ. ಕೈ ಹಿಡಿದವನ ಮಾನ ಹೊರಗೆ ಹಾಕಬಾರದು ಎಂದು ಅಮ್ಮನಿಂದ ಅದಕ್ಕೂ ಮೊದಲೇ ಕಲಿತಿದ್ದೆ. ಎರಡು ಕಡೆಯೂ ನನ್ನನ್ನು ಅಷ್ಟು ಚೆನ್ನಾಗಿ ತಯಾರು ಮಾಡಿದ್ದರು. ನನ್ನ ಗಂಡ ಸುಳ್ಳು ಬರೆದರು ಎಂಬುದು ಇಂಗ್ಲಿಷಿನಲ್ಲೂ ಬರಲಿಲ್ಲ, ಕನ್ನಡದಲ್ಲೂ ಬರಲಿಲ್ಲ.

"ನಾನೇ ಹೇಳಿ ಬರೆಸಿದ್ದೆ ಮದರ್. ಆಮೇಲೆ ಮನಸ್ಸು ಬದಲಾಯಿತು."

ಮದರ್ ನನ್ನನ್ನು ಬಹಳ ಹೊತ್ತು ನೋಡಿದರು. ನಂಬಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ಇನ್ನೊಮ್ಮೆ ಕೇಳಬಹುದಿತ್ತು, ಕೇಳಲಿಲ್ಲ. ಪುಟ್ಟ ಮಕ್ಕಳಿಗೆ ತನ್ನ ಮನಸ್ಸು ತನಗೆ ಗೊತ್ತಿರುವ ಟೀಚರ್ ಬೇಕು, ಎಂದು ಮೆಲ್ಲಗೆ ಹೇಳಿ, ನನ್ನ ಕಾಗದವನ್ನು ಮಡಿಕೆಯ ಗೆರೆಗಳ ಮೇಲೇ ಮಡಿಚಿ ವಾಪಸ್ಸು ಕೊಟ್ಟರು. ನಾನು "ಥ್ಯಾಂಕ್ ಯೂ ಮದರ್" ಎಂದು ಶಾಲೆಯಲ್ಲಿ ಕಲಿಸಿದ ಹಾಗೆ ಮೊಣಕಾಲು ಬಾಗಿಸಿ ವಂದಿಸಿ ಹೊರಗೆ ಬಂದೆ. ಆ ಮೊಣಕಾಲು ತನ್ನಷ್ಟಕ್ಕೆ ಬಾಗಿತು.

ಸಂಜೆ ಇವರು ಚಪ್ಪಲಿ ಬಿಡುತ್ತ, "ಏನಂದರು?" ಎಂದು ಕೇಳಿದರು.

"ಬೇರೆ ಯಾರನ್ನೋ ತಗೊಂಡರಂತೆ."

"ನಾನಂತೂ ಸಹಿ ಹಾಕಿಕೊಟ್ಟೆ" ಎಂದು ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು.

ಆ ಮಾತು ಆಮೇಲೆ ಬೆಳೆಯಿತು. ನೆಂಟರು ಬಂದಾಗ, ಯಾರ ಮನೆಯ ಸೊಸೆಯೋ ಕೆಲಸಕ್ಕೆ ಹೋಗುವ ಸುದ್ದಿ ಬಂದಾಗ, ಇವರು ಹೇಳುತ್ತಾರೆ: "ನಾನು ಇವಳಿಗೆ ಆ ಕಾಲದಲ್ಲೇ ಒಪ್ಪಿಗೆ ಬರೆದುಕೊಟ್ಟಿದ್ದೆ. ದ್ವೀಪದ ಮೇಲೆ ಕೂತು ಸಹಿ ಹಾಕಿದ್ದೆ. ಇವಳೇ ಹೋಗಲಿಲ್ಲ." ಬಂದವರು ನನ್ನ ಕಡೆ ನೋಡುತ್ತಾರೆ. ಒಬ್ಬಿಬ್ಬರು ಹೆಂಗಸರು, "ಎಂಥ ಗಂಡ ಸಿಕ್ಕಿದ್ದಾರೆ ನಿಮಗೆ" ಎಂದದ್ದೂ ಉಂಟು. ಇವರು ಸುಳ್ಳು ಹೇಳುತ್ತಿಲ್ಲ. ಹೇಳಿ ಹೇಳಿ ಇವರಿಗೆ ಅದೇ ನೆನಪಾಗಿ ನಿಂತಿದೆ, ಆ ಮೊದಲ ಕಾಗದ ಬರೆದದ್ದೇ ಮರೆತಿದೆ. ಒಂದು ಸಲ ನಾನೇ ಆ ಮಾತು ತೆಗೆದಾಗ, "ಯಾವ ಕಾಗದ?" ಎಂದು ನಿಜವಾಗಿ ಕೇಳಿದರು.

ಮದರ್ ಈಗಿಲ್ಲ. ಆ ಕೋಣೆಯಲ್ಲಿ ನಡೆದದ್ದು ಬಲ್ಲವಳು ನಾನೊಬ್ಬಳೇ, ಅಲ್ಲಿ ಹೇಳಿದ್ದೂ ಸುಳ್ಳನ್ನೇ. ಹಾಗಾಗಿ ಬಂದವರು ನನ್ನ ಕಡೆ ನೋಡಿದಾಗ, "ಹೌದು, ನನಗೇ ಬೇಡವಾಯಿತು" ಎನ್ನುತ್ತೇನೆ.